ಅಮೀನಗಡದ ಅಂಟು

‘ಹೈ ಪ್ರೋಟೀನ್, ಹೈ ಫೈಬರ್’ ಚಾಕೊಲೇಟ್ ತಿಂದಿದ್ದೀರಾ? ನನಗಂತೂ ಸೀಮೆಸುಣ್ಣ ಅಗಿದ ಹಾಗಾಗುತ್ತೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ, ಅಂದರೆ ಬಾಯೊಳಗೇ, ಕರಗುತ್ತೆ. ಅದರಲ್ಲಿರುವ ಕಣಗಳು 30 ಮೈಕ್ರಾನ್ ದಾಟಿದರೆ ನಾಲಿಗೆಗೆ ತರಿತರಿ. 1879ರಲ್ಲಿ ಸ್ವಿಟ್ಜರ್ಲೆಂಡಿನ ರೊಡಾಲ್ಫ್ ಲಿಂಡ್ಟ್ ಗಂಟೆಗಟ್ಟಲೆ ತಿರುವಿ ತಿರುವಿ ಸಾಧಿಸಿದ್ದು ಆ ನುಣುಪನ್ನೇ. 1986ರಲ್ಲಿ ಶುರುವಾದ ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆಯೂ ಅದಕ್ಕಾಗಿಯೇ ದುಡಿಯೋದು. ಇಂಥದ್ದಕ್ಕೆ ಪ್ರೋಟೀನ್ ಪುಡಿ, ನಾರಿನ ಪುಡಿ ಸುರಿದರೆ ಅವು ಕೊಬ್ಬನ್ನು ಮೈಗೆ ಹತ್ತಿಸಿಕೊಂಡು ಪಾಕವನ್ನು ಮಂದ ಮಾಡುತ್ತವೆ. ಬಾಯಿಗೆ ಬಂದಮೇಲೆ ಜೊಲ್ಲನ್ನೂ ಹೀರುತ್ತವೆ.

ಬಾಗಲಕೋಟೆಯಿಂದ ಹುನಗುಂದ, ಇಳಕಲ್ಲಿಗೆ ಹೋಗೋ ದಾರಿಯ ಅಮೀನಗಡದಲ್ಲಿ ಇದೇ ಲೆಕ್ಕ ಉಲ್ಟಾ. ಕರದಂಟು ಅಂದರೆ ಕರಿದ ಅಂಟು. ಜಾಲಿಯಂಥ ಮರದಿಂದ ಒಸರೋ ಆ ಅಂಟು ಬಹುಪಾಲು ಕರಗುವ ನಾರು. ಇಲ್ಲಿ ನಾರು ಆಮೇಲೆ ಸೇರಿಸಿದ್ದಲ್ಲ, ತಿಂಡಿಯ ಹೆಸರೇ ಅದು. ಹಸಿ ಅಂಟು ಗಾಜಿನ ಚೂರಿದ್ದಂಗ, ಹಲ್ಲಿಗೆ ಹತ್ತಿದ್ರ ಬಿಡಂಗಿಲ್ಲ. ಕಾದ ತುಪ್ಪಕ್ಕೆ ಬಿದ್ದರೆ ಒಳಗಿನ ತೇವ ಆವಿಯಾಗಿ ಅರಳಿನಂತೆ ಉಬ್ಬಿ, ಟೊಳ್ಳಾಗಿ, ಗರಿಗರಿಯಾಗುತ್ತೆ. ಆಮೇಲೆ ಬೆಲ್ಲದ ಪಾಕ, ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಗೋಡಂಬಿ. ಪ್ರೋಟೀನು ಬರೋದು ಈ ಬೀಜಗಳಿಂದ, ಪುಡಿಯಾಗಿ ಅಲ್ಲ, ಇಡಿಯಾಗಿ. ಹಾಗಾಗಿ ತರಿ ಇಲ್ಲಿ ದೋಷ ಅಲ್ಲ, ಅದೇ ರುಚಿ. ಪಾಕ ಎಳೆಯದಾದರೆ ಅಂಟು ನೀರು ಕುಡಿದು ಮತ್ತೆ ಗೋಂದಾಗುತ್ತೆ, ಮೀರಿದರೆ ಕಲ್ಲು. ಈ ಹದಕ್ಕೆ ನಮ್ಮ ಕಡೆ ಥರ್ಮಾಮೀಟರ್ ಇರಲಿಲ್ಲ, ಬೆರಳಿತ್ತು.

ಆ ಬೆರಳು ಯಾರದು? ಬಾದಾಮಿ ಅಂದರೆ ಚಾಲುಕ್ಯರ ಗುಹೆ, ಶಾಸನ ಅಂತ ಪುಟಗಟ್ಟಲೆ ಬರೀತಾರೆ. ಬಾಣಂತಿಗೆ ಅಂಟಿನುಂಡಿ ಕಟ್ಟಿದ ಅಜ್ಜಿಯರಿಗೆ ಒಂದು ಸಾಲೂ ಇಲ್ಲ. ಬಾಣಂತಿ ಕೋಣೆ, ಪೈಲ್ವಾನರ ಗರಡಿ ದಾಟಿ ಅಂಟು ಅಂಗಡಿಗೆ ಬಂತು. ಅಮೀನಗಡದ ವಿಜಯಾ ಕರದಂಟಿನವರು ತಮ್ಮ ಶುರುವಾತಿನ ವರ್ಷ 1907 ಅಂತಾರೆ. ಗೋಕಾಕದವರದ್ದೂ ಹೆಸರಿದೆ. ಯಾವುದು ಹೆಚ್ಚು ಅನ್ನೋ ಜಗಳಕ್ಕೆ ನಾನು ಬರೋದಿಲ್ಲ.

ನನ್ನ ಚಿಂತೆ ಬೇರೆ. ಐಹೊಳೆ ನೋಡಿ ಬೆಂಗಳೂರಿಗೆ ಮರಳೋ ನಮ್ಮಂಥವರು ಡಬ್ಬಿ ಕೊಳ್ಳುವಾಗ ಗೋಡಂಬಿ ಎಣಿಸ್ತೀವಿ, ಮೆತ್ತಗಿದೆಯಾ ಅಂತ ಒತ್ತಿ ನೋಡ್ತೀವಿ. ಗಿರಾಕಿ ಕೇಳಿದ್ದನ್ನೇ ಅಂಗಡಿ ಕೊಡೋದು. ಮುಂದಿನ ಸಲ ಒಂದು ತುಂಡು ಮುರಿದು, ಉಬ್ಬಿದ ಬಿಳಿ ಅಂಟು ಎಷ್ಟಿದೆ ಅಂತ ನೋಡಿ. ಕಡಿಮೆ ಅನ್ನಿಸಿದರೆ ಅಂಗಡಿಯವರನ್ನೇ ಕೇಳಿ: ‘ಅಣ್ಣಾರ, ಅಂಟು ಎಲ್ರೀ?’