ಗುರುತಿಲ್ಲದವರಿಗೆ ಒಂದು ಕಾರ್ಡು

ಎರಡು ವರ್ಷಗಳ ಕೆಳಗೆ ನಮ್ಮ ಮನೆಗೆ ಫಿನ್ಲೆಂಡಿನಿಂದ ಒಂದು ಕಾರ್ಡು ಬಂದಿತು. ಅಂಚೆಯವನ ಕೈಯಿಂದ ಅದನ್ನು ತೆಗೆದುಕೊಂಡವರು ನನ್ನ ತಾಯಿ. ತೆಗೆದುಕೊಂಡವರು ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಗೇಟಿನ ಬಳಿಯಲ್ಲಿಯೇ ನಿಂತು ನನ್ನನ್ನು ಕೂಗಿದರು. ಕಾರ್ಡಿನ ಒಂದು ಮೂಲೆ ಹರಿದಿತ್ತು.

ಹಳಬರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆ ಮುಂಜಿಯ ಕಾಗದವಾದರೆ ಮೂಲೆಗಳಿಗೆ ಅರಿಸಿನ ಹಚ್ಚುವುದು, ಸಾವಿನ ಸುದ್ದಿಯಾದರೆ ಮೂಲೆ ಹರಿದು ಕಳುಹಿಸುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಅಂಥ ಕಾರ್ಡನ್ನು ಹೊರಗೆ ನಿಂತೇ ಓದಿ, ಹರಿದು ಹಾಕಿ, ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದರು. “ಯಾರದೋ ಏನೋ, ಓದಿ ಹೇಳಪ್ಪ” ಎಂದರು ತಾಯಿ.

ನಾನು ಅಲ್ಲಿಯೇ ನಿಂತು ಓದಿ ಕನ್ನಡದಲ್ಲಿ ಹೇಳಿದೆ. ಬರೆದವರು ನಿವೃತ್ತಿಯಾದ ಒಬ್ಬ ದಾದಿ. ಕಾಡಿನಲ್ಲಿ ಹಣ್ಣಿನ ಕಾಲ. ಮೊಮ್ಮಗಳೊಡನೆ ಹೋಗಿ ಎರಡು ಬಕೆಟ್ಟು ಬ್ಲೂಬೆರಿ ಹಣ್ಣು ಕೊಯ್ದು ತಂದೆ. ಇನ್ನು ಚಳಿಗಾಲಕ್ಕೆ ಯೋಚನೆಯಿಲ್ಲ. ಇಷ್ಟೇ ಒಕ್ಕಣೆ. ಮೂಲೆ ದಾರಿಯಲ್ಲೆಲ್ಲೋ ತಾನಾಗಿ ಹರಿದದ್ದು. ತಾಯಿ ನಿಟ್ಟುಸಿರು ಬಿಟ್ಟು ಒಳಗೆ ಬಂದರು. ಬಂದು ಕೇಳಿದರು: “ಅಲ್ಲ, ಆಕೆ ನಮಗೇನಾಗಬೇಕು?”

ಏನೂ ಆಗಬೇಕಾಗಿಲ್ಲ ಎಂಬುದೇ ಈ ವ್ಯವಹಾರದ ಸ್ವಾರಸ್ಯ. ಆದರೆ ಇದನ್ನು ಹೇಳಬೇಕಾದರೆ ಕಾರ್ಡಿನ ಕಥೆಯನ್ನೇ ಮೊದಲಿನಿಂದ ಹೇಳಬೇಕು.

ಕಾರ್ಡು ಬಹಳ ಪುರಾತನವಾದ ವಸ್ತುವಲ್ಲ. 1865ರಲ್ಲಿ ಪ್ರಷ್ಯದ ಅಂಚೆ ಅಧಿಕಾರಿ ಹೈನ್ರಿಖ್ ಫಾನ್ ಸ್ಟೀಫನ್ ಇಂಥದೊಂದು ತೆರೆದ ಹಾಳೆಯ ಸಲಹೆಯನ್ನು ಮುಂದಿಟ್ಟಾಗ ಯಾರೂ ಒಪ್ಪಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ, 1869ರ ಜನವರಿಯಲ್ಲಿ, ಎಮಾನುಯೆಲ್ ಹೆರ್ಮನ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕ ವಿಯೆನ್ನದ ಪತ್ರಿಕೆಯೊಂದರಲ್ಲಿ ಲೇಖನ ಬರೆದು ಅದೇ ಮಾತನ್ನು ಲೆಕ್ಕಾಚಾರದ ಭಾಷೆಯಲ್ಲಿ ಹೇಳಿದ. ಎರಡು ಸಾಲಿನ ಸಮಾಚಾರಕ್ಕೆ ಹಾಳೆ, ಲಕೋಟೆ, ಕಾಲ ಇವುಗಳನ್ನೆಲ್ಲ ಏಕೆ ವ್ಯಯಮಾಡಬೇಕು ಎಂಬುದು ಅವನ ವಾದ. ಹಣ ಉಳಿಯುವ ಮಾತು ಸರ್ಕಾರಕ್ಕೆ ಬೇಗ ತಿಳಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಆಸ್ಟ್ರಿಯ-ಹಂಗೆರಿಯಲ್ಲಿ ಲೋಕದ ಮೊದಲ ಅಂಚೆ ಕಾರ್ಡು ಹೊರಟಿತು. ಮೊದಲ ಮೂರು ತಿಂಗಳಲ್ಲಿ ಸುಮಾರು 30 ಲಕ್ಷ ಕಾರ್ಡುಗಳು ಖರ್ಚಾದವು.

ಮರುವರ್ಷ ಇಂಗ್ಲೆಂಡಿನಲ್ಲಿ ಅರ್ಧ ಪೆನ್ನಿಯ ಕಾರ್ಡು ಬಂದಿತು. ನಮ್ಮ ದೇಶಕ್ಕೆ ಅದು ಬಂದದ್ದು 1879ರ ಜುಲೈನಲ್ಲಿ; ಬೆಲೆ ಕಾಲಾಣೆ. ಪರದೇಶಕ್ಕೆ ಕಳುಹಿಸುವ ಕಾರ್ಡಿಗೆ ಒಂದೂವರೆ ಆಣೆ. ಮರ್ಯಾದಸ್ಥರಿಗೆ ಮೊದಮೊದಲು ಇದು ಹಿಡಿಸಲಿಲ್ಲ. ಮನೆಯ ಮಾತನ್ನು ಆಳುಕಾಳುಗಳೂ ಓದುವಂತೆ ಬರೆಯುವುದೆಂದರೇನು ಎಂದು ವಿಲಾಯತಿಯಲ್ಲಿ ಆಕ್ಷೇಪಣೆ ಎದ್ದಿತು. ನಮ್ಮ ಹಳ್ಳಿಗಳಲ್ಲಿ ಈ ತೊಡಕನ್ನು ಸುಲಭವಾಗಿ ಬಗೆಹರಿಸಿಕೊಂಡರು: ಓದು ಬಾರದ ಮನೆಗಳಲ್ಲಿ ಅಂಚೆಯವನೇ ಕಾರ್ಡನ್ನು ಓದಿ ಹೇಳಿ, ಎರಡು ಸಮಾಧಾನದ ಮಾತನ್ನಾಡಿ ಹೋಗುತ್ತಿದ್ದ.

ಕಾಲಾಣೆಯ ಕಾರ್ಡು ಸಮುದ್ರ ದಾಟಬೇಕಾದರೆ ರಾಜ್ಯ ರಾಜ್ಯಗಳ ನಡುವೆ ಒಂದು ಒಪ್ಪಂದ ಬೇಕು. ಅದನ್ನು ಸಾಧಿಸಿದವನೂ ಅದೇ ಸ್ಟೀಫನ್. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ರಾಷ್ಟ್ರಗಳು ಸಹಿ ಹಾಕಿದವು. 1876ರಲ್ಲಿ ಭಾರತವೂ ಸೇರಿತು. ಈ ಒಪ್ಪಂದದ ಒಂದು ಅಂಶ ನನಗೆ ಬಹಳ ಮೆಚ್ಚುಗೆಯದು. ಪ್ರತಿಯೊಂದು ದೇಶವೂ ತಾನು ಮಾರಿದ ಅಂಚೆಚೀಟಿಯ ಹಣವನ್ನು ತಾನೇ ಇಟ್ಟುಕೊಳ್ಳುವುದು. ಪರದೇಶದಿಂದ ಬಂದ ಕಾಗದವನ್ನು ಬಿಟ್ಟಿಯಾಗಿ ಮನೆ ಮುಟ್ಟಿಸುವುದು. ನಷ್ಟವಾಗದೆ? ಆಗದು; ಏಕೆಂದರೆ ಪ್ರತಿ ಕಾಗದಕ್ಕೂ ಒಂದು ಉತ್ತರ ಬಂದೇ ಬರುತ್ತದೆ, ಲೆಕ್ಕ ಸರಿಹೋಗುತ್ತದೆ. ರಾಜತಂತ್ರಜ್ಞರು ಇಂಥ ನಂಬಿಕೆಯ ಮೇಲೆ ಒಪ್ಪಂದ ಮಾಡಿಕೊಂಡದ್ದು ಚರಿತ್ರೆಯಲ್ಲಿ ಅಪರೂಪ. ಸುಮಾರು ನೂರು ವರ್ಷ, ಎಂದರೆ 1969ರ ಟೋಕಿಯೋ ಅಧಿವೇಶನದಲ್ಲಿ ಪರಸ್ಪರ ಪಾವತಿಯ ಕ್ರಮ ಗೊತ್ತಾಗುವವರೆಗೆ, ಲೋಕದ ಅಂಚೆ ಈ ನಂಬಿಕೆಯ ಮೇಲೆಯೇ ನಡೆಯಿತು.

ಗುರುತಿಲ್ಲದವರು ಒಬ್ಬರಿಗೊಬ್ಬರು ಬರೆದುಕೊಳ್ಳುವ ಹವ್ಯಾಸಕ್ಕೆ ನೆಲ ಹದವಾದದ್ದು ಹೀಗೆ. 1887ರಲ್ಲಿ ಎಸ್ಪೆರಾಂಟೋ ಭಾಷೆಯನ್ನು ಹೊರತಂದ ಡಾಕ್ಟರ್ ಜಾಮೆನ್‌ಹಾಫ್, 1889ರಲ್ಲಿ ಅದನ್ನು ಕಲಿತ ಸುಮಾರು ಒಂದು ಸಾವಿರ ಜನರ ವಿಳಾಸಗಳ ಪಟ್ಟಿಯನ್ನು ಅಚ್ಚು ಹಾಕಿಸಿದ. ಮುಂದೆ ಆ ಭಾಷೆಯ ಅಭಿಮಾನಿಗಳಿಗೆ ಚಿತ್ರದ ಕಾರ್ಡಿನ ವಿನಿಮಯ ಪ್ರಿಯವಾದ ಹವ್ಯಾಸವಾಯಿತು. ಆಗಿನ್ನೂ ಕಾರ್ಡಿನ ಒಂದು ಬದಿ ವಿಳಾಸಕ್ಕೇ ಮೀಸಲು. ಬರೆಯುವ ಮಾತನ್ನು ಚಿತ್ರದ ಅಂಚಿನಲ್ಲಿ ತುರುಕಬೇಕಾಗಿತ್ತು. 1902ರಲ್ಲಿ ಬ್ರಿಟನ್ ಆ ಬದಿಯನ್ನು ಎರಡು ಪಾಲು ಮಾಡಿ, ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಎಂದು ಅಪ್ಪಣೆ ಕೊಟ್ಟಿತು. ಇತರ ದೇಶಗಳೂ ಅದನ್ನೇ ಅನುಸರಿಸಿದವು. ಒಳ್ಳೆಯ ಬಣ್ಣದ ಕಾರ್ಡುಗಳು ಹೆಚ್ಚಾಗಿ ಜರ್ಮನಿಯ ಮುದ್ರಣಾಲಯಗಳಿಂದ ಬರುತ್ತಿದ್ದವು. 1914ರಲ್ಲಿ ಯುದ್ಧ ಬಂದಿತು. ಶತ್ರು ದೇಶಗಳ ನಡುವೆ ಅಂಚೆ ನಿಂತಿತು. ಉಳಿದ ಕಾಗದವನ್ನು ಸರ್ಕಾರದವರು ಓದಿ ಕಳುಹಿಸುವ ಕಾಲ ಬಂದಿತು.

ಈಗಿನ ಕಥೆಗೆ ಬರೋಣ. ಪೌಲೋ ಮಗಾಲ್ಯಾಯಿಶ್ ಎಂಬ ಪೋರ್ಚುಗಲ್ಲಿನ ವಿದ್ಯಾರ್ಥಿ 2005ರ ಜುಲೈ 14ರಂದು ‘ಪೋಸ್ಟ್‌ಕ್ರಾಸಿಂಗ್’ ಎಂಬ ವ್ಯವಸ್ಥೆಯನ್ನು ಆರಂಭಿಸಿದ. ಕಾಗದದ ವ್ಯವಹಾರವನ್ನು ಕೊಂದ ಅಂತರಜಾಲವನ್ನೇ ಕಾಗದದ ಊಳಿಗಕ್ಕೆ ಹಚ್ಚಿದ ಜಾಣತನ ಅದು. ನೀವು ಹೆಸರು ಕೊಟ್ಟು ಸೇರಿದರೆ ಯಾವುದೋ ದೇಶದ ಯಾರದೋ ವಿಳಾಸವೂ ಒಂದು ಸಂಖ್ಯೆಯೂ ಸಿಕ್ಕುತ್ತದೆ. ಆ ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆದು ಅಂಚೆಗೆ ಹಾಕಬೇಕು. ಅವರು ಕಾರ್ಡು ತಲುಪಿದುದನ್ನು ದಾಖಲು ಮಾಡಿದ ಮೇಲೆ ನಿಮ್ಮ ವಿಳಾಸ ಇನ್ನೊಬ್ಬರಿಗೆ ಹೋಗುತ್ತದೆ. ನೀವು ಬರೆದದ್ದು ಒಬ್ಬರಿಗೆ. ನಿಮಗೆ ಬರೆಯುವವರು ಬೇರೊಬ್ಬರು. 2008ರ ಹೊತ್ತಿಗೆ ಹೀಗೆ ತಲುಪಿದ ಕಾರ್ಡುಗಳು 10 ಲಕ್ಷವನ್ನು ಮುಟ್ಟಿದವು.

ಇದನ್ನು ತಾಯಿಗೆ ವಿವರಿಸಿದಾಗ ಅವರು ಒಪ್ಪಲಿಲ್ಲ. “ಬರೆದವಳನ್ನು ಬಿಟ್ಟು ಇನ್ಯಾರಿಗೋ ಬರೆಯುವುದೆ? ಇದೆಂಥ ನ್ಯಾಯ?” ಎಂದರು. ನನಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. ಮಾರನೆಯ ದಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಹೊಳೆಯಿತು. ನನಗೆ ಹಳಗನ್ನಡ ಕಲಿಸಿದ ಗುರುಗಳು ಈಗಿಲ್ಲ. ಅವರ ಋಣವನ್ನು ನಾನು ತೀರಿಸುತ್ತಿರುವುದು ಮುಂದೆ ಕುಳಿತ ಈ ಹುಡುಗರಿಗೆ ಪಾಠ ಹೇಳಿ. ತಾಯಿತಂದೆಗಳ ಋಣ ತೀರುವುದೂ ಮಕ್ಕಳನ್ನು ಸಾಕಿಯೇ. ದೊಡ್ಡ ಋಣಗಳೆಲ್ಲ ಕೊಟ್ಟವರಿಗೆ ಹಿಂದಿರುಗುವುದಿಲ್ಲ; ಮುಂದಿನವರಿಗೆ ಸಲ್ಲುತ್ತವೆ. ಮನೆಗೆ ಬಂದು ಇದನ್ನೇ ಹೇಳಿದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಒಂದು ಕಾರ್ಡು ತಾ” ಎಂದರು.

ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ಕಾಗದದ ಅಂಚೆಯೂ ಅದೇ ಪದವೆಂದು ಸಾಧಿಸುವ ಹಟ ನನಗಿಲ್ಲ. ಆದರೂ ಒಬ್ಬರನ್ನೊಬ್ಬರು ಕಂಡರಿಯದ ನಳ ದಮಯಂತಿಯರ ನಡುವೆ ಹಾರಾಡಿದ್ದು ಹಂಸವೇ ಅಲ್ಲವೆ? ಆ ಹಂಸದ ರೆಕ್ಕೆ ಈಗ ಸೋಲುತ್ತಿದೆ. ಡೆನ್ಮಾರ್ಕಿನ ಸರ್ಕಾರಿ ಅಂಚೆ ಸಂಸ್ಥೆ 2025ರ ಕೊನೆಗೆ ಕಾಗದ ಹಂಚುವ ಕೆಲಸವನ್ನೇ ಕೈಬಿಟ್ಟಿತು. ನನ್ನ ತರಗತಿಯ ಹುಡುಗರ ಕೈಗೆ ಕಾರ್ಡು ಕೊಟ್ಟರೆ ವಿಳಾಸವನ್ನು ಯಾವ ಬದಿಗೆ ಬರೆಯಬೇಕೆಂದು ಕೇಳುತ್ತಾರೆ. ಅವರನ್ನು ಹಳಿದು ಫಲವಿಲ್ಲ. ಅವರಿಗೆ ಯಾರೂ ಬರೆದಿಲ್ಲ.

ತಾಯಿಯ ಕಾರ್ಡು ಜಪಾನಿನ ಒಬ್ಬ ಶಾಲಾ ಹುಡುಗನಿಗೆ ಹೋಯಿತು. ಆ ವರ್ಷದ ಮಾವಿನಮಿಡಿ ಉಪ್ಪಿನಕಾಯಿಯ ಸಮಾಚಾರವನ್ನು ಅವರು ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ. ಅಂಚೆಗೆ ಹಾಕುವ ಮೊದಲು ತೆಗೆದುಕೊಂಡು ಒಳಗೆ ಹೋದರು. ಹಿಂದಕ್ಕೆ ಕೊಟ್ಟಾಗ ನಾಲ್ಕು ಮೂಲೆಗಳಲ್ಲಿಯೂ ಅರಿಸಿನವಿತ್ತು. ಐದು ವಾರಗಳ ಮೇಲೆ ಹುಡುಗ ಕಾರ್ಡು ತಲುಪಿತೆಂದು ತಿಳಿಸಿ, ಮೂಲೆಯ ಹಳದಿ ಬಣ್ಣ ಏನೆಂದು ಕೇಳಿದ್ದ. ಎಲ್ಲರೂ ಕ್ಷೇಮ ಎಂದರ್ಥ, ಎಂದು ಬರೆದೆ.