ಹೆಸರು ಡಚ್ಚರದು, ಊರು ಸ್ಕಾಟರದು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮೊಹಾಕ್ ನದಿಯ ಉತ್ತರ ದಂಡೆಯ ಮೇಲೆ ಸ್ಕೋಷಿಯಾ ಎಂಬ ಸಣ್ಣ ಊರಿದೆ. ಲ್ಯಾಟಿನ್ ಭಾಷೆಯಲ್ಲಿ ಸ್ಕೋಷಿಯಾ ಎಂದರೆ ಸ್ಕಾಟ್ಲೆಂಡ್. ಆದರೆ ಮೊಹಾಕರ ಈ ನಾಡಿಗೆ ಮೊದಲು ಬಂದು ನೆಲೆಸಿದ ಯೂರೋಪಿಯನ್ನರು ಬಹುಪಾಲು ಡಚ್ಚರು. ಅವರ ನಡುವೆ ಸ್ಕಾಟ್ಲೆಂಡಿನ ಹೆಸರು ಬಂದುದಾದರೂ ಹೇಗೆ?

ಇದಕ್ಕೆ ಉತ್ತರ 17ನೇ ಶತಮಾನದ ಡಚ್ ದಾಖಲೆಗಳಲ್ಲಿದೆ. ಅಲ್ಲಿ ಸ್ಯಾಂಡರ್ ಲೀಂಡರ್ಟ್ಸೆ ಎಂಬಾತ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಹೆಸರೇನೋ ಅಪ್ಪಟ ಡಚ್. ಆದರೆ ಆತ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಲಿಂಡ್ಸೆ ಗ್ಲೆನ್. ಡಚ್ಚರ ಬಾಯಲ್ಲಿ ಅಲೆಕ್ಸಾಂಡರ್ ಸ್ಯಾಂಡರ್ ಆದ. ಲಿಂಡ್ಸೆ ಲೀಂಡರ್ಟ್ಸೆ, ಅಂದರೆ ‘ಲೀಂಡರ್ಟನ ಮಗ’ ಆಯಿತು. ಡಚ್ಚರಲ್ಲಿ ಆಗ ತಂದೆಯ ಹೆಸರೇ ಮಗನ ಹೆಸರಿಗೆ ಅಂಟಿಕೊಳ್ಳುತ್ತಿತ್ತು. ಹೀಗಾಗಿ ಇವನ ಮಕ್ಕಳು ‘ಸ್ಯಾಂಡರ್ಸೆ’ಗಳಾದರು. ವಲಸೆ ಹೋದ ಕುಟುಂಬದ ಜಾಡು ಹಿಡಿಯುವವರಿಗೆ ಎದುರಾಗುವ ಮೊದಲ ತೊಡಕು ಇದೇ.

ಸ್ಕಾಟರಿಗೆ ಡಚ್ಚರು ಅಪರಿಚಿತರೇನಲ್ಲ. ಉತ್ತರ ಸಮುದ್ರದ ಎರಡೂ ದಡಗಳ ನಡುವೆ ವ್ಯಾಪಾರ ಬಹುಕಾಲದಿಂದ ನಡೆದಿತ್ತು. ಸ್ಕಾಟ್ ಸೈನಿಕರು ಡಚ್ ಪಡೆಗಳಲ್ಲಿ ದುಡಿಯುತ್ತಿದ್ದರು. ಎರಡೂ ಕಡೆ ಕ್ಯಾಲ್ವಿನ್ ಪಂಥದ ಕ್ರೈಸ್ತರೇ ಪ್ರಬಲರು. 1643ರಲ್ಲಿ ರಾಟರ್‌ಡ್ಯಾಮಿನಲ್ಲಿ ಸ್ಕಾಟರದೇ ಚರ್ಚು ಸ್ಥಾಪನೆಯಾಯಿತು. 1621ರಲ್ಲಿ ಆರಂಭವಾದ ಡಚ್ ವೆಸ್ಟ್ ಇಂಡಿಯಾ ಕಂಪೆನಿಗೆ ಅಮೆರಿಕದ ತನ್ನ ವಸಾಹತಿನಲ್ಲಿ ನೆಲೆಸಲು ಜನ ಸಾಲದು. ದುಡಿಯುವ ಆಳಿನ ಹುಟ್ಟೂರು ಯಾವುದೆಂದು ಅದು ಕೇಳುತ್ತಿರಲಿಲ್ಲ.

ಗ್ಲೆನ್ ಬಂದುದು ಈ ಕಂಪೆನಿಯ ಕೆಲಸಕ್ಕೆ. ಕ್ಯಾಟಲಿನ್ ಎಂಬಾಕೆಯನ್ನು ಮದುವೆಯಾಗಿ, ಇಂದು ಆಲ್ಬನಿ ಎನಿಸಿಕೊಂಡಿರುವ ಡಚ್ ನೆಲೆಯ ಬದುಕಿನಲ್ಲಿ ಬೆರೆತುಹೋದ. 1661ರಲ್ಲಿ ಆರೆಂಟ್ ವಾನ್ ಕರ್ಲರ್ ಮೊಹಾಕರಿಂದ ನದಿಬಯಲಿನ ಜಮೀನು ಕೊಂಡು ಸ್ಕೆನೆಕ್ಟಡಿ ಗ್ರಾಮಕ್ಕೆ ಅಡಿಪಾಯ ಹಾಕಿದಾಗ ಗ್ಲೆನ್ ಕೂಡ ಪಾಲುದಾರನಾದ. 1664ರಲ್ಲಿ ಇಂಗ್ಲಿಷರು ಇಡೀ ವಸಾಹತನ್ನೇ ವಶಪಡಿಸಿಕೊಂಡರು. ಅದರ ಬೆನ್ನಲ್ಲೇ ನದಿಯಾಚೆಯ ಜಮೀನಿನ ಹಕ್ಕುಪತ್ರ ಪಡೆದ ಗ್ಲೆನ್, ಅದಕ್ಕಿಟ್ಟ ಹೆಸರೇ ಸ್ಕೋಷಿಯಾ.

ಕುಟುಂಬ ಎಷ್ಟರಮಟ್ಟಿಗೆ ಅಲ್ಲಿನದಾಗಿತ್ತು ಎಂಬುದು 1690ರಲ್ಲಿ ತಿಳಿಯಿತು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಯುದ್ಧ ನಡೆದಿದ್ದ ಕಾಲ. ಫೆಬ್ರುವರಿ 8ರ ರಾತ್ರಿ ಕೆನಡಾದಿಂದ ಬಂದ ಫ್ರೆಂಚರು ಮತ್ತು ಅವರ ಪರವಾಗಿದ್ದ ಮೂಲನಿವಾಸಿ ಯೋಧರು ಸ್ಕೆನೆಕ್ಟಡಿಯನ್ನು ಸುಟ್ಟರು. ಸುಮಾರು 60 ಮಂದಿ ಸತ್ತರು. ಆದರೆ ನದಿಯಾಚೆಯ ಸ್ಕೋಷಿಯಾವನ್ನು ಅವರು ಮುಟ್ಟಲಿಲ್ಲ. ಹಿಂದೆ ಸೆರೆಸಿಕ್ಕ ಫ್ರೆಂಚರಿಗೆ ಗ್ಲೆನ್ ಮನೆತನ ನೆರವಾಗಿತ್ತು. ಅದರ ಋಣ ತೀರಿಸುವುದು ದಾಳಿಕಾರರ ಉದ್ದೇಶ. ಸೆರೆಯಾಳುಗಳಲ್ಲಿ ನಿನ್ನ ಬಂಧುಗಳಾರೋ ತೋರಿಸು, ಬಿಡುತ್ತೇವೆ ಎಂದು ಗ್ಲೆನ್ನನ ಮಗ ಯೊಹಾನೆಸ್‌ಗೆ ಹೇಳಿದರು. ಆತ ತೋರಿಸುತ್ತಲೇ ಹೋದ. ಎಲ್ಲರೂ ಇವನ ನೆಂಟರೇ ಎಂದು ಯೋಧರು ಗೊಣಗಿದರಂತೆ! ಹಲವರು ಬಿಡುಗಡೆಯಾದರು. ಆದರೂ 27 ಮಂದಿಯನ್ನು ದಾಳಿಕಾರರು ಒಯ್ದರು.

ಯೊಹಾನೆಸ್ ಅಂದು ನೆಂಟರೆಂದು ತೋರಿಸಿದ್ದು ಹೆಚ್ಚಾಗಿ ಡಚ್ ನೆರೆಹೊರೆಯವರನ್ನೇ. ಸ್ಕಾಟ್ಲೆಂಡಿನಿಂದ ಬಂದವನ ಮಗನಿಗೆ ಅವರೇ ಸ್ವಜನರಾಗಿದ್ದರು. ಒಂದೇ ತಲೆಮಾರಿನಲ್ಲಿ ಭಾಷೆ, ಚರ್ಚು, ಕರೆಯುವ ಹೆಸರು ಎಲ್ಲವೂ ಬದಲಾಗಿದ್ದವು. ಬದಲಾಗದೆ ಉಳಿದದ್ದು, ಮೊಹಾಕರ ನೆಲಕ್ಕೆ ತಂದೆ ಇಟ್ಟುಹೋದ ತವರಿನ ಹೆಸರೊಂದೇ.