ಎಕ್ಕಿ ಎಂದರೂ ಅದೇ, ರುಯಿ ಎಂದರೂ ಅದೇ

ಅಥಣಿ, ರಾಯಬಾಗ ಕಡೆಯ ಒಣ ಬದುಗಳಲ್ಲಿ, ರಸ್ತೆಯ ಅಂಚಿನಲ್ಲಿ ಯಾರೂ ಬಿತ್ತದೆ ಬೆಳೆಯುವ ಗಿಡ ಎಕ್ಕ. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ಇದರ ಮುಂದೆ ತಡವರಿಸುತ್ತದೆ. ಎಲೆ ಚಿವುಟಿದರೆ ಒಸರುವ ಬಿಳಿ ಹಾಲು ವಿಷ. ಕಣ್ಣಿಗೆ ಸಿಡಿದರೆ ಅಪಾಯ.

ಸಂಸ್ಕೃತದ ‘ಅರ್ಕ’ ಕನ್ನಡದಲ್ಲಿ ‘ಎಕ್ಕ’ವಾಯಿತು, ಉತ್ತರ ಕರ್ನಾಟಕದ ಬಾಯಲ್ಲಿ ‘ಎಕ್ಕಿ’ಯಾಯಿತು. ಹಿಂದಿಯ ‘ಆಕ್’ ಕೂಡ ಅದೇ ಮೂಲದ್ದು. ಅರ್ಕನೆಂದರೆ ಸೂರ್ಯ. ರಥಸಪ್ತಮಿಯಂದು ಏಳು ಎಕ್ಕದೆಲೆಗಳನ್ನು ಮೈಮೇಲಿಟ್ಟುಕೊಂಡು ಸ್ನಾನ ಮಾಡುವುದು ಇದೇ ನಂಟಿನಿಂದ.

ನಿಪ್ಪಾಣಿ, ಚಿಕ್ಕೋಡಿ, ಕಾಗವಾಡದ ಮರಾಠಿ ಮಾತಿನಲ್ಲಿ ಇದು ‘ರುಯಿ’. ಶನಿವಾರ ಮಾರುತಿಯ ಕೊರಳಿಗೆ ರುಯಿ ಎಲೆಯ ಹಾರ ಬೀಳುತ್ತದೆ.

ದೇವರಿಗೆ ಪ್ರಿಯವಾದರೂ ಬೈಗುಳದಲ್ಲಿ ಎಕ್ಕದ ಗತಿ ಬೇರೆ. ‘ಎಕ್ಕ ಹುಟ್ಟಿ ಹೋಗಲಿ’ ಎಂದರೆ ಮನೆ ಪಾಳುಬಿದ್ದು ಅಂಗಳದಲ್ಲಿ ಎಕ್ಕ ಬೆಳೆಯಲಿ ಎಂಬ ಶಾಪ. ಆಡುವ ಭರದಲ್ಲಿ ಅದು ‘ಎಕ್ಕುಟ್ಟಿ ಹೋಗು’ ಆಗಿದೆ. ಕೆಟ್ಟುನಿಂತ ಪಂಪ್‌ಸೆಟ್ಟಿಗೂ ಈಗ ಅದೇ ಮಾತು.

ಹೂವು ನೇರಳೆ ಛಾಯೆಯದೇ ಹೆಚ್ಚು. ಬಿಳಿ ಹೂವಿನದು ‘ಬಿಳಿ ಎಕ್ಕ’. ಅದರ ಬೇರಿನಲ್ಲಿ ಗಣಪತಿಯನ್ನು ಕೆತ್ತಿ ಪೂಜಿಸುವವರಿದ್ದಾರೆ.